ಕ್ಲಚ್ಚು ಬೇಗ ಸವೆದರೆ ತಪ್ಪು ಯಾರದು?

ಮನೆಯಲ್ಲಿ ಮೋಟಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಲೇಬೇಕಾದ ಮಾತೊಂದಿದೆ: "ಕ್ಲಚ್ಚು ಹೋಗಿದೆ." ಗ್ಯಾರೇಜಿನಿಂದ ಈ ಮಾತು ಬಂದೊಡನೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಖರ್ಚು ಎಷ್ಟು ಎಂಬುದು ಒಂದು. ಗಾಡಿ ಓಡಿಸಿದವರು ಯಾರು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಗ್ಯಾರೇಜಿನವರು ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ನಾವೇ ಉತ್ತರ ಕೊಟ್ಟುಕೊಳ್ಳುತ್ತೇವೆ. ಬಹಳ ಸಲ ಅವಸರದಲ್ಲಿ, ಬಹಳ ಸಲ ತಪ್ಪಾಗಿ. ಈ ಹೊತ್ತು ನಿಮ್ಮೊಡನೆ ಆಡಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯ ಮಾತು.

ನಾನೂ ಅಂಥ ತಪ್ಪು ಉತ್ತರ ಕೊಟ್ಟವನೇ. ನಮ್ಮದು ಕುಮಾರಪಟ್ಟಣ; ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆಯ ದಡಕ್ಕಿರುವ ಕಾರ್ಖಾನೆಯ ಊರು. ಹೊಳೆ ದಾಟಿದರೆ ಹರಿಹರ. ನಾನು ಯಂತ್ರಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತಿಯ ಹಣದಲ್ಲಿ ಒಂದು ಚಿಕ್ಕ ಕಾರನ್ನು, ಒಬ್ಬರು ಓಡಿಸಿ ಬಿಟ್ಟದ್ದನ್ನು, ಕೊಂಡೆ. ಮಗಳು ಅದರಲ್ಲಿ ಓಡಿಸಲು ಕಲಿತಳು. ಕಲಿತು ಮೂರು ತಿಂಗಳಾಗುವಷ್ಟರಲ್ಲಿ ಕ್ಲಚ್ಚು ಜಾರತೊಡಗಿತು. ಗ್ಯಾರೇಜಿನವನು ಕೇಳಿದ ಪ್ರಶ್ನೆ ಒಂದೇ: "ಮನ್ಯಾಗ ಹೊಸಬ್ರು ಯಾರರ ಓಡಿಸ್ತಾರೇನ್ರಿ?" ನಾನು ತಲೆಯಾಡಿಸಿದೆ. ವಿಚಾರಣೆ ಅಲ್ಲಿಗೆ ಮುಗಿಯಿತು. ಹೊಸ ಪ್ಲೇಟು ಬಿತ್ತು, ಹಣ ಕೊಟ್ಟೆ. ಮನೆಗೆ ಬಂದು ಮಗಳಿಗೆ, "ಇನ್ನು ಮೇಲೆ ಗಾಡಿ ಮುಟ್ಟಬ್ಯಾಡವ್ವ" ಎಂದೆ. ಅವಳು ಏನೂ ಅನ್ನಲಿಲ್ಲ. ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮರುದಿನದಿಂದ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದಳು.

ಒಂದು ವರ್ಷ ತುಂಬುವ ಮೊದಲೇ, ಒಂಬತ್ತು ಸಾವಿರ ಕಿಲೋಮೀಟರು ಸಹ ಓಡಿರಲಿಲ್ಲ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆಗೆ ತಿರುಗಿದಾಗ ಹಳೆಯ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಈ ಸಲ ಗಾಡಿಯನ್ನು ನನ್ನ ಹೊರತು ಮತ್ತಾರೂ ಮುಟ್ಟಿರಲಿಲ್ಲ. ಆಮೇಲೆ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಅದು ತಿಳಿಯಬೇಕಾದರೆ ಕ್ಲಚ್ಚು ಎಂದರೇನು, ಅದು ಏಕೆ ಸವೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಅಂಗೈಗಳ ನಡುವೆ ಒಂದು ಕಡಕ್ ರೊಟ್ಟಿಯನ್ನು ಒತ್ತಿ ಹಿಡಿದಿದ್ದೀರೆಂದು ಭಾವಿಸಿರಿ. ಅಂಗೈಗಳು ತಿರುಗಿದರೆ ರೊಟ್ಟಿಯೂ ತಿರುಗುತ್ತದೆ. ಅಂಗೈ ಸಡಿಲಿಸಿದರೆ ರೊಟ್ಟಿ ನಿಲ್ಲುತ್ತದೆ. ಕ್ಲಚ್ಚಿನ ಏರ್ಪಾಡು ಇಷ್ಟೇ. ಒಂದು ಅಂಗೈ ಎಂಜಿನ್ನಿನ ಫ್ಲೈವ್ಹೀಲು. ಇನ್ನೊಂದು ಅಂಗೈ ಪ್ರೆಶರ್ ಪ್ಲೇಟು. ಬಲವಾದ ಸ್ಪ್ರಿಂಗಿನಿಂದ ಒತ್ತಿಕೊಂಡಿರುತ್ತದೆ. ನಡುವಿನ ರೊಟ್ಟಿ ಕ್ಲಚ್ ಪ್ಲೇಟು. ಇದು ಗೇರ್ ಪೆಟ್ಟಿಗೆಯಿಂದ ಬರುವ ದಂಡದ ಹಲ್ಲುಗಳ ಮೇಲೆ ಕುಳಿತಿದ್ದು, ಹಿಂದೆ ಮುಂದೆ ಸ್ವಲ್ಪ ಸರಿಯಬಲ್ಲದು. ನೀವು ಪೆಡಲು ತುಳಿದಾಗ ಒಂದು ಬೇರಿಂಗು ಹೋಗಿ ಸ್ಪ್ರಿಂಗಿನ ಬೆರಳುಗಳಂತಹ ತುದಿಗಳನ್ನು ಅದುಮುತ್ತದೆ, ಹಿಡಿತ ಬಿಡುತ್ತದೆ, ಎಂಜಿನು ತಿರುಗುತ್ತಿದ್ದರೂ ಗಾಲಿಗೆ ಅದರ ಸಂಬಂಧವಿರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪೆಡಲು ಪೂರ್ತಿ ತುಳಿದಿದ್ದಾಗ ಪ್ಲೇಟು ಸವೆಯುವುದಿಲ್ಲ, ಏಕೆಂದರೆ ಅದನ್ನು ಯಾರೂ ಹಿಡಿದಿಲ್ಲ. ಪೂರ್ತಿ ಬಿಟ್ಟಿದ್ದಾಗಲೂ ಸವೆಯುವುದಿಲ್ಲ, ಏಕೆಂದರೆ ಮೂರೂ ಒಂದೇ ವೇಗದಲ್ಲಿ ತಿರುಗುತ್ತಿವೆ. ಸವೆತವೆಲ್ಲ ನಡುವಿನ ಸ್ಥಿತಿಯಲ್ಲಿ. ಅರ್ಧ ಹಿಡಿತ, ಅರ್ಧ ಜಾರಿಕೆ ಇರುವಾಗ. ಪ್ಲೇಟಿನ ಎರಡೂ ಮುಖಗಳಲ್ಲಿ ಸವೆಯಲೆಂದು ಇರುವ ಪದರವಾದರೂ ಎಷ್ಟು? ಚಿಕ್ಕ ಕಾರಿನಲ್ಲಿ ರಿವೆಟ್ಟಿನ ತಲೆಯ ಮೇಲೆ ಒಂದು ಮಿಲಿಮೀಟರಿನ ಆಸುಪಾಸು. ಅದನ್ನೇ ನಾವು ವರ್ಷಗಟ್ಟಲೆ ಉಳಿಸಿ ಬಳಸಬೇಕು.

ಆದುದರಿಂದ ಕ್ಲಚ್ಚು ಬೇಗ ಸವೆಯಿತೆಂದರೆ ಅರ್ಥ ಎರಡೇ. ಓಡಿಸುವವರು ಅರ್ಧ ಹಿಡಿತದಲ್ಲಿ ಹೆಚ್ಚು ಹೊತ್ತು ಕಳೆಯುತ್ತಿದ್ದಾರೆ. ಇಲ್ಲವೆ, ಅವರು ಪೆಡಲು ಪೂರ್ತಿ ಬಿಟ್ಟಿದ್ದರೂ ಪೂರ್ತಿ ಹಿಡಿಯದಂತೆ ಯಂತ್ರದಲ್ಲೇ ಯಾವುದೋ ಅಡ್ಡಿಯಿದೆ. ಮೊದಲನೆಯದು ಕಾಲಿನ ದೋಷ, ಎರಡನೆಯದು ಯಂತ್ರದ ದೋಷ. ಎರಡರಲ್ಲೂ ಬರುವ ವಾಸನೆ ಒಂದೇ, ಖರ್ಚೂ ಒಂದೇ. ಕಾರಣ ಮಾತ್ರ ಬೇರೆ. ಕಾರಣ ಹುಡುಕದೆ ಪ್ಲೇಟು ಬದಲಿಸಿದರೆ ಸೋರುವ ಕೊಡಕ್ಕೆ ಮತ್ತೊಮ್ಮೆ ನೀರು ತುಂಬಿದಂತೆ.

ಕಾಲಿನ ದೋಷವನ್ನು ಮೊದಲು ನೋಡೋಣ. ಅದು ಇಲ್ಲವೆಂದು ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಅದೇ ಹೆಚ್ಚು. ಎಡಗಾಲನ್ನು ಸದಾ ಪೆಡಲಿನ ಮೇಲೆ ಇಟ್ಟುಕೊಂಡಿರುವುದು ಒಂದು ಅಭ್ಯಾಸ. ಕಾಲಿನ ಭಾರ ಅಲ್ಪವೆಂದು ನಮಗೆ ತೋರುತ್ತದೆ; ಬೇರಿಂಗಿಗೆ ಅದು ಅಲ್ಪವಲ್ಲ. ಏರಿನಲ್ಲಿ ನಿಂತಾಗ ಬ್ರೇಕು ಹಿಡಿಯದೆ ಕ್ಲಚ್ಚು ಆಕ್ಸಿಲರೇಟರುಗಳಲ್ಲೇ ಗಾಡಿಯನ್ನು ತೂಗಾಡಿಸಿ ನಿಲ್ಲಿಸುವುದು ಇನ್ನೊಂದು. ಇದರಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಸಾವಿರ ಕಿಲೋ ತೂಕದ ಗಾಡಿಯನ್ನು, ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ, ಎಂಜಿನು ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ತಿರುಗುತ್ತಿರುವಾಗ ಹೀಗೆ ಹಿಡಿದು ನಿಲ್ಲಿಸಿದರೆ, ಕ್ಲಚ್ಚಿನೊಳಗೆ ಸಾವಿರ ವ್ಯಾಟಿಗೂ ಮೀರಿದ ಶಾಖ ಹುಟ್ಟುತ್ತದೆ. ನಿಮ್ಮ ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟಂತೆ. ಎರಡು ನಿಮಿಷ ಹೀಗೆ ನಿಂತಿದ್ದರೆ ಒಳಗಿನ ಸ್ಥಿತಿ ಹೇಗಿರಬಹುದೆಂದು ನೀವೇ ಊಹಿಸಿಕೊಳ್ಳಿರಿ.

ಎರಡನೆಯ ಗೇರಿನಲ್ಲಿ ಹೊರಡುವುದು ಮೂರನೆಯ ಅಭ್ಯಾಸ. ಸಮತಟ್ಟು ರಸ್ತೆಯಲ್ಲಿ ಹೊರಡುವಾಗ ಗಾಡಿಗೆ ಎಷ್ಟು ಚಲನಶಕ್ತಿ ಬರುತ್ತದೆಯೋ ಸರಿಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಎರಡನೆಯ ಗೇರಿನಲ್ಲಾದರೆ ಹಿಡಿತ ಪೂರ್ತಿಯಾಗುವ ಹೊತ್ತಿಗೆ ಗಾಡಿಯ ವೇಗ ಹೆಚ್ಚಿರಬೇಕು. ಆದ್ದರಿಂದ ಶಾಖವೂ ಮೊದಲನೆಯ ಗೇರಿನ ಮೂರು ಪಟ್ಟಿನಷ್ಟಾಗುತ್ತದೆ. ಮೊದಲನೆಯ ಗೇರು ಇರುವುದೇ ಹೊರಡುವುದಕ್ಕೆ. ಅದನ್ನು ಉಳಿಸಿ ಗಳಿಸುವುದೇನೂ ಇಲ್ಲ.

ಗೇರಿಗೆ ಪೆಡಲೇ ಇಲ್ಲದ ಹೊಸ ಬಗೆಯ ಕಾರುಗಳನ್ನು ಕೊಂಡವರು ತಮಗೆ ಈ ಮಾತು ಸಲ್ಲದೆಂದು ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಕೆಲವು ಜಾತಿಯವು, ಎಎಂಟಿ ಎಂದು ಕರೆಯುವವು, ಒಳಗೆ ಇದೇ ಪ್ಲೇಟನ್ನೇ ಇಟ್ಟುಕೊಂಡಿವೆ. ತುಳಿಯುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ನಿಲ್ಲಿಸಿಕೊಂಡರೆ ಅಲ್ಲಿಯೂ ಸುಡುವುದು ಅದೇ ಪ್ಲೇಟು.

ಕ್ಲಚ್ಚು ಎಷ್ಟು ಕಿಲೋಮೀಟರು ಬಾಳಬೇಕು ಎಂದು ಕೇಳುತ್ತೀರಿ. ಅರವತ್ತು ಸಾವಿರ, ಎಂಬತ್ತು ಸಾವಿರ, ಲಕ್ಷ ದಾಟಿದವೂ ಉಂಟು. ಆದರೆ ಕಿಲೋಮೀಟರಿನ ಲೆಕ್ಕ ಪೂರ್ತಿ ನಿಜ ಹೇಳುವುದಿಲ್ಲ. ಕುಮಾರಪಟ್ಟಣದಿಂದ ಹುಬ್ಬಳ್ಳಿಯವರೆಗೆ ಹೆದ್ದಾರಿಯಲ್ಲಿ ಹೋಗುವವನು ಕ್ಲಚ್ಚು ತುಳಿಯುವ ಪ್ರಸಂಗಗಳು ಕೆಲವೇ. ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಸುತ್ತ, ಲಾರಿ ಟ್ರ್ಯಾಕ್ಟರುಗಳ ನಡುವೆ ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತ ಒಂದು ತಾಸು ಕಳೆದವನು ಅಷ್ಟರಲ್ಲೇ ಅದಕ್ಕಿಂತ ಹೆಚ್ಚು ಸಲ ತುಳಿದಿರುತ್ತಾನೆ. ನಮ್ಮ ಊರಿನಲ್ಲಿಯೂ ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ಹೊತ್ತು ತರುವ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಇದೇ ಕಥೆ. ಆದುದರಿಂದ ಗಾಡಿ ಎಷ್ಟು ದೂರ ಓಡಿತೆಂಬುದರ ಜೊತೆಗೆ ಎಷ್ಟು ಸಲ ನಿಂತು ಹೊರಟಿತೆಂಬುದನ್ನೂ ಎಣಿಸಬೇಕು. ಊರೊಳಗೇ ತಿರುಗುವ ಗಾಡಿಯ ಕ್ಲಚ್ಚು ನಲವತ್ತು ಸಾವಿರಕ್ಕೆ ಸವೆದರೆ ಅದನ್ನು ಅಕಾಲ ಮರಣವೆಂದು ಕರೆಯಲಾಗದು. ಹೆದ್ದಾರಿಯ ಗಾಡಿಯ ಕ್ಲಚ್ಚು ಇಪ್ಪತ್ತು ಸಾವಿರಕ್ಕೆ ಸವೆದರೆ ಖಂಡಿತವಾಗಿ ವಿಚಾರಣೆ ನಡೆಯಬೇಕು.

ವಿಚಾರಣೆಯ ಮೊದಲ ಹೆಜ್ಜೆ, ರೋಗ ಕ್ಲಚ್ಚಿನದೇ ಹೌದೋ ಅಲ್ಲವೋ ಎಂದು ನಿಶ್ಚಯಿಸುವುದು. ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದಾಕ್ಷಣ ಕ್ಲಚ್ಚೇ ಎಂದುಕೊಳ್ಳಬಾರದು. ಕೈಬ್ರೇಕು ಪೂರ್ತಿ ಬಿಡದೆ ಓಡಿಸಿದರೂ, ಬ್ರೇಕು ಹಿಡಿದುಕೊಂಡಿದ್ದರೂ ಹಾಗೆಯೇ ಆಗುತ್ತದೆ. ಸ್ವಲ್ಪ ದೂರ ಓಡಿಸಿ ನಿಂತ ಮೇಲೆ ನಾಲ್ಕೂ ಗಾಲಿಗಳ ಹತ್ತಿರ ಕೈ ಒಯ್ದು ನೋಡಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಒಂದು ಗಾಲಿ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಪರಾಧಿ ಅಲ್ಲಿದ್ದಾನೆ.

ಕ್ಲಚ್ಚು ಜಾರುತ್ತಿದೆಯೇ ಎಂಬುದನ್ನು ರಸ್ತೆಯಲ್ಲಿ ತಿಳಿಯುವ ಬಗೆ ಸುಲಭ. ಖಾಲಿ ರಸ್ತೆಯಲ್ಲಿ, ಸ್ವಲ್ಪ ಏರಿದ್ದರೆ ಒಳ್ಳೆಯದು, ಮೇಲಿನ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಒತ್ತಿರಿ. ಎಂಜಿನ್ನಿನ ದನಿ ಏರಬೇಕು, ಅದರೊಡನೆಯೇ ವೇಗವೂ ಏರಬೇಕು. ದನಿ ಮಾತ್ರ ಏರಿ ಗಾಡಿ ಹಿಂದೆಯೇ ಉಳಿದರೆ ಕ್ಲಚ್ಚು ಜಾರುತ್ತಿದೆ. ದನಿಯೂ ಏರದೆ, ವೇಗವೂ ಏರದೆ ಇದ್ದರೆ ದೋಷ ಎಂಜಿನ್ನಿನದು. ಕ್ಲಚ್ಚಿನ ಮೇಲೆ ಹೊರಿಸಬೇಡಿರಿ.

ನಿಂತಲ್ಲೇ ಮಾಡುವ ಪರೀಕ್ಷೆಯೊಂದಿದೆ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ನಿಂತಿರದಂತೆ ನೋಡಿಕೊಂಡು, ಗಾಲಿಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಬಿಗಿದು ಎಂಜಿನು ಹಚ್ಚಿರಿ. ಮೂರನೆಯ ಗೇರು ಹಾಕಿ, ಎಂಜಿನ್ನಿನ ವೇಗವನ್ನು ಅಷ್ಟಿಷ್ಟು ಏರಿಸಿ, ಪೆಡಲನ್ನು ಮೆಲ್ಲಗೆ ಪೂರ್ತಿ ಬಿಡಿರಿ. ಕ್ಲಚ್ಚು ಸರಿಯಿದ್ದರೆ ಎಂಜಿನು ಒದ್ದಾಡಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಹಿಡಿತವಿಲ್ಲ. ತಕ್ಷಣ ಪೆಡಲು ತುಳಿಯಿರಿ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ನೆರೆಯವರಿಗೆ ತೋರಿಸಲೆಂದು ನಾಲ್ಕು ಸಲ ಮಾಡಿದರೆ ಉಳಿದ ಪ್ಲೇಟೂ ಅಂದೇ ಮುಗಿಯುತ್ತದೆ.

ಜಾರುವುದಕ್ಕೆ ನೇರ ವಿರುದ್ಧವಾದ ರೋಗವೂ ಒಂದುಂಟು, ಕ್ಲಚ್ಚು ಬಿಡದಿರುವುದು. ಪೆಡಲು ನೆಲಕ್ಕೆ ಮುಟ್ಟಿದರೂ ಪ್ಲೇಟು ತಿರುಗುತ್ತಲೇ ಇರುತ್ತದೆ. ರಿವರ್ಸ್ ಗೇರು ಹಾಕುವಾಗ ಕರಕರ ಸದ್ದು. ಹಗ್ಗ ಸಡಿಲವಾಗಿರಬಹುದು, ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಜಾತಿಯಾದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು, ಪ್ಲೇಟು ಸೊಟ್ಟಗಾಗಿರಬಹುದು. ಇದಕ್ಕೆ ಹೊಸ ಪ್ಲೇಟೇ ಬೇಕೆಂದೇನೂ ಇಲ್ಲ. ಮೊದಲು ಹೊರಗಿನ ದುರಸ್ತಿ ಆಗಲಿ.

ಸದ್ದಿಗೂ ಅರ್ಥವಿದೆ. ಪೆಡಲು ತುಳಿದಾಗ ಕೇಳಿಸಿ ಬಿಟ್ಟಾಗ ನಿಲ್ಲುವ ಸದ್ದು ಸಾಮಾನ್ಯವಾಗಿ ಕ್ಲಚ್ಚಿನ ಬೇರಿಂಗಿನದು. ನ್ಯೂಟ್ರಲ್ಲಿನಲ್ಲಿ ಪೆಡಲು ಬಿಟ್ಟಿದ್ದಾಗ ಕೇಳಿಸಿ, ತುಳಿದಾಗ ನಿಲ್ಲುವ ಸದ್ದು ಗೇರ್ ಪೆಟ್ಟಿಗೆಯ ಕಡೆಯದು. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು, ಫ್ಲೈವ್ಹೀಲು ಸುಟ್ಟು ಗಂಟುಗಟ್ಟಿರಬಹುದು, ಇಲ್ಲವೆ ಎಂಜಿನು ಕುಳಿತ ರಬ್ಬರುಗಳು ಹರಿದಿರಬಹುದು.

ಜಾರುವುದು ನಿಜವೆಂದು ತಿಳಿದ ಮೇಲೂ ಗಾಡಿ ಬಿಚ್ಚುವ ಮುನ್ನ ಪೆಡಲನ್ನು ಕೈಯಿಂದ ಅದುಮಿ ನೋಡಬೇಕು. ಹಗ್ಗದಿಂದ ನಡೆಯುವ ಹಳೆಯ ಬಗೆಯ ಕ್ಲಚ್ಚಿನಲ್ಲಿ ಮೊದಲ ಒಂದೆರಡು ಬೆರಳಿನಷ್ಟು ದೂರ ಪೆಡಲು ಹಗುರವಾಗಿ ಹೋಗಬೇಕು. ಆಮೇಲೆ ಭಾರ ಸಿಗಬೇಕು. ಸರಿಯಾದ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ. ಪ್ಲೇಟು ಸವೆದಂತೆಲ್ಲ ಈ ಸಡಿಲು ಕಡಿಮೆಯಾಗುತ್ತ ಹೋಗುತ್ತದೆ. ಪೂರ್ತಿ ಹೋಯಿತೆಂದರೆ ನಿಮ್ಮ ಕಾಲು ಅಲ್ಲಿ ಇಲ್ಲದಿದ್ದರೂ ಯಾರೋ ಸದಾ ಪೆಡಲು ತುಳಿದಂತೆಯೇ ಆಯಿತು. ಹತ್ತು ನಿಮಿಷದಲ್ಲಿ ಒಂದು ನಟ್ಟು ತಿರುಗಿಸಿ ಸರಿಪಡಿಸಬಹುದಾದ ಇದನ್ನು ನೋಡದೆ ಎಷ್ಟೋ ಕ್ಲಚ್ಚುಗಳು ಸುಟ್ಟುಹೋಗಿವೆ. ತಾನಾಗಿ ಸರಿಹೊಂದಿಸಿಕೊಳ್ಳುವ ಹಗ್ಗವಿರುವ ಗಾಡಿಗಳಲ್ಲಿ, ಎಣ್ಣೆಯ ಒತ್ತಡದ ಗಾಡಿಗಳಲ್ಲಿ ಈ ನಟ್ಟು ಇರುವುದಿಲ್ಲ. ಆದರೆ ಅಲ್ಲಿಯೂ ಹಗ್ಗ ಬಿಗಿದು ಹಿಡಿದುಕೊಂಡರೆ, ಒತ್ತಡ ಹಿಂದಕ್ಕೆ ಬಾರದೆ ಸಿಕ್ಕಿಕೊಂಡರೆ ಫಲ ಒಂದೇ.

ಇಷ್ಟೆಲ್ಲ ನೋಡಿದ ಮೇಲೆ ಗೇರ್ ಪೆಟ್ಟಿಗೆ ಇಳಿಸಲೇಬೇಕಾಯಿತು ಎನ್ನೋಣ. ಆಗ ನೀವು ಗ್ಯಾರೇಜಿನಲ್ಲಿ ಒಂದೇ ಒಂದು ಮಾತು ಹೇಳಿರಿ: "ಹಳೇ ಸಾಮಾನು ಎಸೀಬ್ಯಾಡ್ರಿ, ನಾನು ನೋಡಬೇಕು." ವೈದ್ಯರು ನಾಲಗೆ ನೋಡಿ ರೋಗ ಹೇಳುವಂತೆ, ಅನುಭವಿ ಮಿಸ್ತ್ರಿ ಹಳೆಯ ಪ್ಲೇಟು ನೋಡಿ ಅದರ ಚರಿತ್ರೆ ಹೇಳಬಲ್ಲ. ನೀವೂ ಸ್ವಲ್ಪ ಕಲಿಯಬಹುದು.

ಎರಡೂ ಮುಖಗಳು ಸಮವಾಗಿ ರಿವೆಟ್ಟಿನವರೆಗೆ ಸವೆದಿವೆ, ಸುಟ್ಟ ಗುರುತು ಇಲ್ಲ ಎಂದರೆ ಪ್ಲೇಟು ತನ್ನ ಆಯುಷ್ಯ ಮುಗಿಸಿ ಸತ್ತಿದೆ, ಯಾರನ್ನೂ ದೂರಬೇಕಾಗಿಲ್ಲ. ಪ್ಲೇಟು ಕರಿಕಾಗಿ, ಫ್ಲೈವ್ಹೀಲಿನ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು ಕಂಡರೆ ಅತಿಯಾದ ಶಾಖ. ಅರ್ಧ ಹಿಡಿತದಲ್ಲಿ ಬಹಳ ಹೊತ್ತು ಕಳೆದಿದೆ. ಸ್ಪ್ರಿಂಗಿನ ಬೆರಳುಗಳ ತುದಿಯಲ್ಲಿ ಆಳವಾದ ಹೊಳೆಯುವ ಗೀರು ಬಿದ್ದಿದ್ದರೆ ಬೇರಿಂಗು ಅಲ್ಲಿ ಸದಾ ಒತ್ತಿಕೊಂಡಿತ್ತು; ಕಾಲು ಪೆಡಲಿನ ಮೇಲಿತ್ತು ಅಥವಾ ಸಡಿಲು ಇರಲಿಲ್ಲ. ಒಂದು ಮುಖ ಮಾತ್ರ ಸವೆದಿದ್ದರೆ ಪ್ಲೇಟು ದಂಡದ ಹಲ್ಲುಗಳ ಮೇಲೆ ಸರಿಯಾಗಿ ಸರಿಯುತ್ತಿರಲಿಲ್ಲ, ಇಲ್ಲವೆ ಎದುರಿನ ಮುಖ ಸೊಟ್ಟಗಿತ್ತು. ನಡುವಿನ ಚಿಕ್ಕ ಸ್ಪ್ರಿಂಗುಗಳು ಮುರಿದಿದ್ದರೆ ಪೆಡಲನ್ನು ಧಡಕ್ಕನೆ ಬಿಡುವ ಅಭ್ಯಾಸವಿದ್ದಿರಬಹುದು.

ಪ್ಲೇಟಿನ ಮೇಲೆ ಎಣ್ಣೆಯ ಪಸೆ ಕಂಡರೆ ಕಾಲಿನ ಮಾತು ಅಲ್ಲಿಗೆ ಬಿಡಿರಿ. ಎಣ್ಣೆ ಎಲ್ಲಿಂದ ಬಂತೆಂದು ಕೇಳಿರಿ. ಫ್ಲೈವ್ಹೀಲಿನ ಕಡೆಗೆ ಕಪ್ಪು ಎಣ್ಣೆ ಇದ್ದರೆ ಎಂಜಿನ್ನಿನ ಹಿಂಭಾಗದ ಸೀಲು ಸೋರಿದೆ. ಗೇರ್ ಪೆಟ್ಟಿಗೆಯ ಕಡೆಗೆ, ಗಂಧಕದಂಥ ಕಟು ವಾಸನೆಯ ದಪ್ಪ ಎಣ್ಣೆ ಇದ್ದರೆ ಗೇರು ದಂಡದ ಸೀಲು ಸೋರಿದೆ. ಸೀಲೆಂದರೆ ಬಳೆಯಷ್ಟು ಚಿಕ್ಕದೊಂದು ರಬ್ಬರಿನ ಉಂಗುರ. ಎಣ್ಣೆ ಹೀರಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ನೆಚ್ಚಬಹುದಾದ ಉಪಾಯವಲ್ಲ. ಸೀಲು ಬದಲಿಸದೆ ಹೊಸ ಪ್ಲೇಟು ಹಾಕುವುದಂತೂ ಹಣವನ್ನು ಎಣ್ಣೆಯಲ್ಲಿ ಅದ್ದಿದಂತೆ.

ಇಲ್ಲಿ ಒಂದು ಎಚ್ಚರಿಕೆ. ಕವಚದೊಳಗೆ ತುಂಬಿದ ಪುಡಿಯನ್ನು ಬಾಯಿಂದಾಗಲಿ, ಗಾಳಿಯ ಪಂಪಿನಿಂದಾಗಲಿ ಊದಬಾರದು. ಹಳೆಯ ಪ್ಲೇಟುಗಳಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ಕ್ಯಾನ್ಸರು ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗ್ಯಾರೇಜಿನ ಹುಡುಗರಿಗೂ ಈ ಮಾತು ಹೇಳಿರಿ; ಅವರಿಗೆ ಹೇಳುವವರು ಕಡಿಮೆ.

ಈಗ ನನ್ನ ಗಾಡಿಯ ಕಥೆಗೆ ಬರೋಣ. ಎರಡನೆಯ ಸಲ ನಾನು ಹೊಳೆ ದಾಟಿ ಹರಿಹರದ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ ಹೋದೆ. ಹರಿಹರದಲ್ಲಿ ಯಂತ್ರ ಬಲ್ಲವರಿಗೆ ಬರವಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ನಾಡಿನಲ್ಲೆಲ್ಲ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೆ ಅಳತೆ ನೋಡಿ ಕೆಲಸ ಮಾಡುವ ಆ ಕೈಗಳ ಪಾಠ ಊರಿನಲ್ಲಿ ಇನ್ನೂ ಉಳಿದಿದೆ. ಈ ಮಿಸ್ತ್ರಿ ಯಾರು ಓಡಿಸುತ್ತಾರೆಂದು ಕೇಳಲಿಲ್ಲ. ಗೇರ್ ಪೆಟ್ಟಿಗೆ ಇಳಿಸಿ, ಬಿಚ್ಚಿದ ಸಾಮಾನುಗಳನ್ನೆಲ್ಲ ಒಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದ. ಪ್ಲೇಟನ್ನು ತಿರುಗಿಸಿ ತೋರಿಸಿದ. ಗೇರ್ ಪೆಟ್ಟಿಗೆಯ ಕಡೆಯ ಮುಖವೆಲ್ಲ ಎಣ್ಣೆಯಿಂದ ಒದ್ದೆ. ನಡುವಿನಿಂದ ಅಂಚಿನವರೆಗೆ ಸೂರ್ಯನ ಕಿರಣಗಳ ಹಾಗೆ ಎಣ್ಣೆಯ ಗೆರೆಗಳು.

"ನೋಡ್ರಿ ಸರ," ಎಂದ. "ಪ್ಲೇಟ್ ತಿಂದದ್ದು ಕಾಲಲ್ಲ, ಎಣ್ಣಿ. ಸೀಲ್ ಹಳೇದು, ಕಲ್ಲಾಗೇತಿ. ಹೋದ ಸಲ ಬಿಚ್ಚಿದಾಗ ಇದನ್ನ ಯಾಕ ಬಿಟ್ರು?"

ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಅವನು ಸ್ಪ್ರಿಂಗಿನ ಬೆರಳುಗಳನ್ನು ತೋರಿಸಿದ. ತುದಿಗಳಲ್ಲಿ ಹೊಳೆಯುವ ಗೀರು. "ಇದು ಮಾತ್ರ ಕಾಲಿನ ಕೆಲಸ ನೋಡ್ರಿ" ಎಂದು ನಕ್ಕ. ಕಳೆದ ಹನ್ನೊಂದು ತಿಂಗಳಿಂದ ಆ ಪೆಡಲಿನ ಮೇಲೆ ಇದ್ದ ಕಾಲು ನನ್ನದೊಂದೇ. ಒಂದು ಸೀಲು, ಒಂದು ಎಡಗಾಲು. ಇಬ್ಬರೂ ಅಪರಾಧಿಗಳು ಸಿಕ್ಕರು. ಇಬ್ಬರಲ್ಲಿ ಮಗಳು ಇರಲಿಲ್ಲ.

ಹಾಗಾದರೆ ಮೊದಲನೆಯ ಪ್ಲೇಟು? ಅದೂ ಎಣ್ಣೆಗೇ ಬಲಿಯಾಗಿತ್ತೆಂದು ಬುದ್ಧಿ ಹೇಳುತ್ತದೆ. ಆದರೆ ಖಚಿತವಾಗಿ ಹೇಳಲಾರೆ. ಅದನ್ನು ನೋಡಲು ಕೇಳಿರಲಿಲ್ಲ; ಅದು ಎಂದೋ ಗುಜರಿಗೆ ಹೋಗಿತ್ತು. ಸಾಕ್ಷಿಯನ್ನು ನೋಡದೆ ತೀರ್ಪು ಕೊಟ್ಟಿದ್ದೆ. ಈಗ ತೀರ್ಪು ತಿದ್ದಬೇಕೆಂದರೂ ಸಾಕ್ಷಿ ಇಲ್ಲ. ಒಂದು ರಬ್ಬರ್ ಉಂಗುರದ ಬೆಲೆ ಉಳಿಸಿ ಎರಡು ಕ್ಲಚ್ಚಿನ ಹಣ ಕಳೆದದ್ದು ಹಾಗಿರಲಿ; ಒಂದು ವರ್ಷ ಮಗಳು ಬಸ್ಸಿನ ಬಾಗಿಲಲ್ಲಿ ನಿಂತು ಹೋಗಿ ಬಂದದ್ದಕ್ಕೆ ಯಾವ ಬಿಲ್ಲೂ ಇಲ್ಲ.

ಇದನ್ನು ಮನೆಯ ಮಾತೆಂದು ಮುಚ್ಚಿಡದೆ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮಲ್ಲಿ ಕೆಲವರು ಸಂಬಳ ಕೊಟ್ಟು ಡ್ರೈವರನ್ನು ಇಟ್ಟುಕೊಂಡಿರುತ್ತೀರಿ. ಕ್ಲಚ್ಚು ಹೋಯಿತೆಂದರೆ ಅವನ ಸಂಬಳದಲ್ಲಿ ಹಿಡಿಯುವವರನ್ನು, ಅವನನ್ನು ಬಿಡಿಸಿ ಕಳಿಸಿದವರನ್ನು ನಾನು ಬಲ್ಲೆ. ಅವನ ತಪ್ಪು ಇರಬಹುದು, ಇಲ್ಲದೆಯೂ ಇರಬಹುದು. ಹಳೆಯ ಪ್ಲೇಟು ನೋಡಲು ಐದು ನಿಮಿಷ ಸಾಕು. ಒಬ್ಬನ ಅನ್ನದ ಪ್ರಶ್ನೆಯಲ್ಲಿ ಐದು ನಿಮಿಷ ಹೆಚ್ಚಲ್ಲ.

ಇನ್ನು ಗ್ಯಾರೇಜಿನಲ್ಲಿ ಮಾಡಿಸಬೇಕಾದದ್ದನ್ನು ಒಟ್ಟಾಗಿ ಹೇಳಿಬಿಡುತ್ತೇನೆ. ಕ್ಲಚ್ಚಿನ ಕೆಲಸದಲ್ಲಿ ಗೇರ್ ಪೆಟ್ಟಿಗೆ ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಆದುದರಿಂದ ಒಮ್ಮೆ ಬಿಚ್ಚಿದಾಗ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಿಸುವುದು ಲೇಸು. ಸೀಲುಗಳನ್ನು ನೋಡಿ, ಪಸೆ ಕಂಡರೆ ಬದಲಿಸಬೇಕು. ಫ್ಲೈವ್ಹೀಲಿನ ಮುಖದಲ್ಲಿ ಗೀರು, ಬಿರುಕು ಇವೆಯೇ ನೋಡಬೇಕು. ಅಲ್ಪ ಗೀರಾದರೆ, ತಯಾರಕರು ಒಪ್ಪಿದ ಅಳತೆಯೊಳಗೆ, ಲೇತಿನಲ್ಲಿ ಹದ ಮಾಡಿಸಬಹುದು. ಬಿರುಕು ಆಳವಾದರೆ ಹೊಸದೇ ಬೇಕು. ಬೇರಿಂಗು ತಳ್ಳುವ ಕವೆ ಸವೆದಿದೆಯೇ, ದಂಡದ ಹಲ್ಲುಗಳ ಮೇಲೆ ಪ್ಲೇಟು ಕೈಯಲ್ಲಿ ಸರಾಗವಾಗಿ ಸರಿಯುತ್ತದೆಯೇ ಎಂದು ನೋಡಿದ ಮೇಲೆ ಜೋಡಿಸಬೇಕು. ಕವಚದ ತಳದಲ್ಲಿ ಚಿಕ್ಕ ರಂಧ್ರವಿರುವ ಗಾಡಿಗಳಲ್ಲಿ, ರಾತ್ರಿ ಅದರ ಕೆಳಗೆ ಒಂದು ರಟ್ಟಿನ ತುಂಡು ಇಟ್ಟು ಬೆಳಿಗ್ಗೆ ನೋಡಿದರೆ ಸೋರಿಕೆ ಮೊದಲೇ ತಿಳಿಯುತ್ತದೆ.

ಹೊಸ ಕ್ಲಚ್ಚು ಹಾಕಿಸಿದ ಮೊದಲ ಕೆಲವು ನೂರು ಕಿಲೋಮೀಟರು ಸಮಾಧಾನದಿಂದ ಓಡಿಸಿರಿ. ಹೊಸ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಅವಕಾಶ ಬೇಕು. ಹಾಕಿಸಿದ ಮರುದಿನವೇ ಮನೆಮಂದಿಯನ್ನೆಲ್ಲ ತುಂಬಿಕೊಂಡು ಶಿರಸಿಯ ಮೇಲೆ ದೇವಿಮನೆ ಘಟ್ಟವಿಳಿದು ಗೋಕರ್ಣಕ್ಕೆ ಹೊರಡಬೇಡಿರಿ; ಹಿಂದಿರುಗುವಾಗ ಘಟ್ಟ ಹತ್ತಬೇಕಾಗುತ್ತದೆ. ಏರಿನಲ್ಲಿ ನಿಲ್ಲಬೇಕಾದರೆ ಕೈಬ್ರೇಕು ಹಾಕಿರಿ. ಲಾರಿಗಳ ಸಾಲು ನಿಂತಾಗ ಗೇರು ತೆಗೆದು, ಎಡಗಾಲನ್ನು ಪೆಡಲಿನಿಂದ ಇಳಿಸಿ ಪಕ್ಕಕ್ಕೆ ಇಡಿರಿ. ಮುಂದಿನ ಗಾಡಿ ಒಂದು ಗೇಣು ಸರಿದೊಡನೆ ನೀವೂ ಸರಿಯಬೇಕಾಗಿಲ್ಲ. ನಾಲ್ಕು ಗಾಡಿಯಷ್ಟು ಜಾಗವಾಗಲಿ, ಆಮೇಲೆ ಒಮ್ಮೆ ಹೊರಡಿರಿ.

ನನ್ನ ಗಾಡಿ ಸಿದ್ಧವಾದ ಸಂಜೆ ಮಗಳನ್ನೂ ಹರಿಹರಕ್ಕೆ ಕರೆದುಕೊಂಡು ಹೋಗಿದ್ದೆ. ಪತ್ರಿಕೆಯ ಮೇಲಿದ್ದ ಹಳೆಯ ಪ್ಲೇಟನ್ನೂ ಸೀಲನ್ನೂ ಮಿಸ್ತ್ರಿ ಅವಳಿಗೂ ತೋರಿಸಿದ. ನಾನು ಕೀಲಿಯನ್ನು ಅವಳ ಕೈಗೆ ಕೊಟ್ಟು, "ತಪ್ಪು ನನ್ನದವ್ವ, ನೀನ ಓಡಿಸು" ಎಂದೆ. ಸೇತುವೆಯ ಮೇಲೆ ಒಂದು ಲಾರಿಯ ಹಿಂದೆ ನಿಲ್ಲಬೇಕಾಯಿತು. ಅವಳು ಗೇರು ತೆಗೆದು, ಕೈಬ್ರೇಕು ಹಾಕಿ, ಕಾಲನ್ನು ಪೆಡಲಿನಿಂದ ಇಳಿಸಿದಳು. ಪಕ್ಕದಲ್ಲಿ ಕುಳಿತಿದ್ದ ನನ್ನ ಎಡಗಾಲು ಮಾತ್ರ ಅಭ್ಯಾಸಬಲದಿಂದ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಅವಳು ಅದನ್ನು ನೋಡಿದಳು. "ಅಪ್ಪಾ, ಕಾಲು" ಎಂದಳು, ಅಷ್ಟೇ.